ಕಾಲುಮಣೆಯ ನಾಲ್ಕು ಕಾಲು

ನಾನು ಯಾರ ತಂಟೆಗೂ ಹೋಗದೆ ಗಲ್ಲಾದ ಮುಂದೆ ಕೂತಿದ್ದರೂ, ತಂಟೆಯೇ ಬಸ್ಸು ಹತ್ತಿ ಚನ್ನಗಿರಿಗೆ ಬಂದು, ನನ್ನ ಅಂಗಡಿ ಎಲ್ಲಿ ಅಂತ ಕೇಳಿಕೊಂಡು ಒಳಗೆ ಬರುತ್ತದೆ. ಆದ್ದರಿಂದ ಕೆಳಗೆ ಬರೆದಿರುವುದರಲ್ಲಿ ನನ್ನ ತಪ್ಪು ಹುಡುಕಬೇಡಿ. ಹುಡುಕಿದವರಿಗೆ ಸಿಕ್ಕರೆ ಅದಕ್ಕೆ ನಾನು ಹೊಣೆಯಲ್ಲ.

ನನ್ನದು ಸ್ಟೀಲ್ ಪಾತ್ರೆ ಅಂಗಡಿ. ಪಾತ್ರೆಯ ಮೇಲೆ ಹೆಸರು ಕೆತ್ತುವ ಸಣ್ಣ ಮಿಷನ್ನೂ ಇದೆ. ಮದುವೆಗೆ ಕೊಡುವ ತಟ್ಟೆ, ಕೊಡ, ಡಬ್ಬಿ ಏನೇ ಇದ್ದರೂ 'ಇಂಥವರಿಂದ ಇಂಥವರಿಗೆ' ಅಂತ ದುಂಡಗೆ ಕೆತ್ತಿಕೊಡುತ್ತೇನೆ. ಆ ಮಿಷನ್ನು ಕೈಗೆ ಬಂದರೆ ನನಗೆ ಏನೇನೋ ತೋಚುತ್ತದೆ. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಹೊನ್ನಾಳಿಯಲ್ಲಿ ಫರ್ನಿಚರ್ ಶೋರೂಮ್ ಇಟ್ಟಿದ್ದಾನೆ. ಅವನ ಗೃಹಪ್ರವೇಶಕ್ಕೆ ಒಂದು ಡಜನ್ ಲೋಟ ಉಡುಗೊರೆ ಕೊಟ್ಟೆ. ಪ್ರತಿ ಲೋಟದ ತಳಕ್ಕೂ 'ಇದು ಕದ್ದ ಮಾಲು. ಸಿಕ್ಕವರು ಚನ್ನಗಿರಿಗೆ ತಲುಪಿಸಿ' ಅಂತ ಕೆತ್ತಿದ್ದೆ. ಲೋಟ ಎತ್ತಿ ಕುಡಿಯುವವನಿಗೆ ಅದು ಕಾಣುವುದಿಲ್ಲ, ಎದುರಿಗೆ ಕೂತವನಿಗೆ ಕಾಣುತ್ತದೆ. ಅವನ ಮನೆಗೆ ಬಂದ ಬೀಗರೆಲ್ಲ ಕಾಫಿ ಕುಡಿಯುತ್ತಾ ಒಬ್ಬರ ಲೋಟದ ತಳ ಒಬ್ಬರು ಓದಿದ್ದೇ ಓದಿದ್ದು.

ಅದಕ್ಕೂ ಹಿಂದಿನ ಮಾತು. ಹೊಸ ಅಳಿಯನಾಗಿ ಮೊದಲ ದೀಪಾವಳಿಗೆ ನ್ಯಾಮತಿಗೆ ಹೋದಾಗ, ಅತ್ತೆ ಕೂರುವ ಕುರ್ಚಿಯ ದಿಂಬಿನ ಕೆಳಗೆ ಒಂದು ಸುಟ್ಟ ಹಪ್ಪಳ ಇಟ್ಟಿದ್ದೆ. ಅತ್ತೆ ಕೂತರು, ಚಟ್ ಅಂತು, ಕುರ್ಚಿ ಮುರೀತು ಅಂತ ಮನೆಮಂದಿಯೆಲ್ಲ ಓಡಿಬಂದರು. ಅತ್ತೆ ಬೈಯಲಿಲ್ಲ, ನಗಲೂ ಇಲ್ಲ. ಹಪ್ಪಳದ ಚೂರು ಗುಡಿಸಿ ಹಾಕಿ ಒಳಗೆ ಹೋದರು. ಅಂದಿನಿಂದ ಆ ಮನೆಯಲ್ಲಿ ನಾನು ಮುಟ್ಟಿದ ಕುರ್ಚಿಯನ್ನು ಅಲ್ಲಾಡಿಸಿ ನೋಡದೆ ಯಾರೂ ಕೂರುವುದಿಲ್ಲ.

ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತದೆ.

ಮಾತು ಕೊಟ್ಟಿದ್ದು

ಅತ್ತೆಗೆ ಮಂಡಿನೋವು ಶುರುವಾಯಿತು. ದಿನಾ ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವರಲ್ಲ ಅವರು. ನೆಲಕ್ಕೆ ಮಣೆ ಹಾಕಿ ಕೂತೇ ಅಭ್ಯಾಸ. ಡಾಕ್ಟರು ನೋಡಿದರೆ ಇನ್ನು ನೆಲದ ಮೇಲೆ ಕೂರಲೇಬೇಡಿ ಅಂದುಬಿಟ್ಟರು. ಯಾರೋ ಪ್ಲಾಸ್ಟಿಕ್ ಸ್ಟೂಲ್ ತಂದುಕೊಟ್ಟರು. "ಬಚ್ಚಲಮನೇಲಿ ಇಡೋದನ್ನ ಪೂಜೆಗೆ ತರ್ತೀರೇನು?" ಅಂತ ಅತ್ತೆ ಅದನ್ನು ಬಚ್ಚಲಿಗೇ ಕಳಿಸಿದರು. ಅವರಿಗೆ ಮರದ್ದೇ ಬೇಕು. ಕುರ್ಚಿಯಷ್ಟು ಎತ್ತರ ಬೇಡ, ನೆಲದಷ್ಟು ತಗ್ಗೂ ಬೇಡ, ನಾಲ್ಕು ಗಿಡ್ಡ ಕಾಲಿನ ಒಂದು ಕಾಲುಮಣೆ.

ಶ್ರಾವಣದಲ್ಲಿ ಎಲ್ಲರೂ ನ್ಯಾಮತಿಯಲ್ಲಿ ಸೇರಿದ್ದಾಗ ಈ ಮಾತು ಬಂತು. ಷಡ್ಡಕ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅತ್ತೆ, ನಮ್ಮ ಶೋರೂಮಿಂದ ಒಂದು ಕಳಿಸಿಕೊಡ್ತೀನಿ. ಪಾಲಿಶ್ ಹೊಡೆದಿರ್ತೈತೆ, ಮುಖ ಕಾಣ್ತೈತೆ" ಅಂದ.

"ಕೂರೋ ಜಾಗದಲ್ಲಿ ಮುಖ ಕಂಡು ಏನು ಮಾಡೋದು?" ಅಂದೆ ನಾನು. ಎಲ್ಲರೂ ನಕ್ಕರು. ನಕ್ಕಾಗ ನನಗೆ ಒಂಥರಾ ಏರುತ್ತದೆ. ಆ ಏರಿನಲ್ಲೇ, "ಅತ್ತೆಗೆ ಕಾಲುಮಣೆ ನಾನೇ ಮಾಡ್ತೀನಿ. ನನ್ನ ಕೈಯಾರೆ. ಮೊಳೆ ಇಲ್ದೆ, ಕರೆಂಟ್ ಮಿಷನ್ ಇಲ್ದೆ, ಹಳೇ ಕಾಲದ ಹತಾರ ಹಿಡಿದು" ಅಂದುಬಿಟ್ಟೆ.

ಈ ಸಲ ಇನ್ನೂ ಜೋರಾಗಿ ನಕ್ಕರು. ನನ್ನ ಹೆಂಡತಿ, "ಇವರು ನಮ್ಮನೆ ಗೋಡೆಗೆ ಮೊಳೆ ಹೊಡೆದ್ರೆ ಪಕ್ಕದ ಮನೆ ಕ್ಯಾಲೆಂಡರ್ ಬೀಳ್ತೈತೆ" ಅಂದಳು.

ಅತ್ತೆ ಮಾತ್ರ ನಗಲಿಲ್ಲ. "ಆಗ್ಲಿ. ಇಬ್ರೂ ಒಂದೊಂದು ತರ್ರಿ. ಶಿವರಾತ್ರಿ ಪೂಜೆಗೆ ನಾನು ಯಾವುದರ ಮೇಲೆ ಕೂರ್ತೀನೋ ಅವರು ಗೆದ್ದಂಗೆ. ಸೋತೋರು ಒಂದು ವರ್ಷ ಈ ಮನೇಲಿ ತಮಾಷೆ ಮಾಡಂಗಿಲ್ಲ. ಬರೋದು, ಉಣ್ಣೋದು, ಸುಮ್ಕೆ ಹೋಗೋದು."

ಷಡ್ಡಕನಿಗೆ ಇದರಿಂದ ನಷ್ಟವೇನೂ ಇಲ್ಲ. ಅವನು ಹುಟ್ಟಿದಾಗಿನಿಂದ ಒಂದೂ ತಮಾಷೆ ಮಾಡಿದವನಲ್ಲ. ನನ್ನ ಕಥೆ ಏನು, ಹೇಳಿ. ಒಂದು ವರ್ಷ ಬಾಯಿ ಮುಚ್ಚಿಕೊಂಡು ಹೋಳಿಗೆ ಉಂಡು ಬರುವುದಕ್ಕೆ ನಾನೇನು ಫೋಟೋದಲ್ಲಿರುವ ಅಳಿಯನೇ?

ಜಗಳೂರಿನ ಹತ್ತರಿ

ಹತಾರ ಹೊಂದಿಸುವುದು ನನಗೆ ಕಷ್ಟವಾಗಲಿಲ್ಲ. ಹಳೇ ಪಾತ್ರೆ ಕೊಟ್ಟು ಹೊಸದು ಒಯ್ಯುವವರು ಚೀಲಗಟ್ಟಲೆ ಹಿತ್ತಾಳೆ, ತಾಮ್ರ, ಕಬ್ಬಿಣ ತಂದು ಸುರಿಯುತ್ತಾರೆ. ಅದರೊಳಗೆ ಕೈಯಾಡಿಸಿದರೆ ತುಕ್ಕು ಹಿಡಿದ ಉಳಿ, ಹಲ್ಲು ಬಿದ್ದ ಗರಗಸ, ಹಿಡಿ ಇಲ್ಲದ ಅರ ಎಲ್ಲವೂ ಸಿಗುತ್ತಿದ್ದವು. ಸಿಗದೆ ಇದ್ದದ್ದು ಹತ್ತರಿ ಒಂದೇ. ಮರವನ್ನು ಉಜ್ಜಿ ನಯ ಮಾಡುವ ಹತ್ತರಿ ಇಲ್ಲದೆ ಕೂರುವ ಹಲಗೆ ಮಾಡಿದರೆ ಅತ್ತೆಗೆ ಮಂಡಿಯ ಜೊತೆ ಬೇರೆ ಕಡೆಯೂ ನೋವು ಬರುತ್ತಿತ್ತು.

ಜಗಳೂರು ಹತ್ತಿರದ ಒಂದು ಹಳ್ಳಿಗೆ ಮದುವೆ ಪಾತ್ರೆ ಇಳಿಸಲು ಹೋಗಿದ್ದೆ. ಮದುವೆ ಮನೆಯ ಪಕ್ಕದಲ್ಲೇ ಒಂದು ಕುರಿ ರೊಪ್ಪ. ಅದರ ಬಾಗಿಲು ಜೋತುಬಿದ್ದು, ತೆರೆದುಕೊಳ್ಳದಂತೆ ಕೆಳಗೆ ಏನನ್ನೋ ಒತ್ತಿಟ್ಟಿದ್ದರು. ಬಗ್ಗಿ ನೋಡಿದೆ. ಹತ್ತರಿ. ಕರಿಮರದ್ದು, ಮೊಳದುದ್ದ, ಅಚ್ಚುಕಟ್ಟಾಗಿತ್ತು.

ರೊಪ್ಪದ ಅಜ್ಜಿಯನ್ನು ಕೇಳಿದೆ. "ಅದಾ? ನಮ್ಮ ಮಾವನದು. ಬಡಗಿ ಕೆಲಸ ಮಾಡ್ತಿದ್ದ. ಅವನು ಹೋದ ಮೇಲೆ ಅದು ಕುರಿ ಕಾಯ್ತೈತೆ."

"ಅದರೊಳಗೆ ಒಂದು ಕಬ್ಬಿಣದ ಅಲಗು ಇರಬೇಕಲ್ಲ ಅಜ್ಜಿ?"

ಅಜ್ಜಿ ಕೈಯೆತ್ತಿ ತೋರಿಸಿದರು. ಅಷ್ಟು ಹೊತ್ತೂ ಅದರಿಂದಲೇ ರೊಟ್ಟಿ ಹಂಚು ಕೆರೆಯುತ್ತಿದ್ದರು.

ಬದಲಿಗೆ ಹೊಸ ಸ್ಟೀಲ್ ಸೌಟು ಕೊಡುತ್ತೇನೆ ಅಂದೆ. ಅಜ್ಜಿ ಲೆಕ್ಕದಲ್ಲಿ ಪಕ್ಕಾ. "ಸೌಟು ಹಂಚಿಗಾತು. ಬಾಗಿಲಿಗೆ? ಇದನ್ನ ನೀನು ಒಯ್ದ್ರೆ ಬಾಗಿಲು ಯಾರು ಹಿಡ್ಕಂಡು ನಿಲ್ಲೋರು? ಬಾಗಿಲು ಸರಿ ಮಾಡಿಕೊಟ್ಟು ಒಯ್ಯಿ. ಬಡಗಿ ಕೆಲಸ ಬರ್ತೈತೇನು ನಿನಗೆ?"

"ಅದರಲ್ಲೇ ಹುಟ್ಟಿ ಬೆಳೆದೋನು ಅಜ್ಜಿ" ಅಂದೆ. ಅಷ್ಟೊತ್ತಿಗಾಗಲೇ ನಾನು ಮೊಬೈಲಿನಲ್ಲಿ ಬಡಗಿ ಕೆಲಸದ ವಿಡಿಯೋಗಳನ್ನು ವಾರಗಟ್ಟಲೆ ನೋಡಿದ್ದೆ. ಅದು ಸುಳ್ಳಾಗುವುದಿಲ್ಲ.

ಮದುವೆ ಮನೆಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಬಂದು ಬಾಗಿಲ ಕೀಲು ಬಿಚ್ಚಿದೆ. ಆ ಕಡೆಯ ಕಂಬ ಗೆದ್ದಲು ತಿಂದಿತ್ತು. ಈ ಕಡೆಯ ಕಂಬಕ್ಕೆ, ಹೊರಗೆ ತೆರೆದುಕೊಳ್ಳುವ ಹಾಗೆ ತಿರುಗಿಸಿ ಕೂರಿಸಿದೆ. ಜೋತುಬಿದ್ದಿದ್ದ ಬಾಗಿಲು ನೆಟ್ಟಗಾಯಿತು. ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಸದ್ದಿಲ್ಲದೆ ತೆರೆಯುತ್ತಿತ್ತು. ಕುರಿಗೆ ಬೆರಳಿಲ್ಲದಿದ್ದರೂ ತಲೆ ಇದೆ ಅನ್ನುವುದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

ಜಗಲಿಯಲ್ಲಿ ಕೂತು ಅಜ್ಜಿ ಕೊಟ್ಟ ಟೀ ಕುಡಿದು ತಿರುಗಿ ನೋಡಿದರೆ ರೊಪ್ಪ ಖಾಲಿ. ಎದುರಿನ ಮೆಕ್ಕೆಜೋಳದ ಹೊಲದಲ್ಲಿ ಜೋಳವೇ ನಡೆದಾಡುತ್ತಿದ್ದ ಹಾಗೆ ಕಾಣುತ್ತಿತ್ತು. ಮದುವೆಗೆ ಬಂದ ನೆಂಟರೆಲ್ಲ ಪಂಚೆ ಎತ್ತಿ ಕಟ್ಟಿ ಹೊಲಕ್ಕೆ ಇಳಿದರು. ಮದುಮಗನೂ ಇಳಿಯಲು ಹೊರಟಿದ್ದ, ಅರಿಶಿಣ ಹಚ್ಚಿದೆ ಅಂತ ಹಿಡಿದು ಕೂರಿಸಿದರು.

ಕೊನೆಯ ಕುರಿ ಒಳಗೆ ಬಂದ ಮೇಲೆ ಅಜ್ಜಿ ಬಾಗಿಲನ್ನು ಹಗ್ಗದಿಂದ ಬಿಗಿದು ಕಟ್ಟಿ, ಹತ್ತರಿ ಮತ್ತು ಅಲಗು ಎರಡನ್ನೂ ತಂದು ನನ್ನ ಕೈಗಿಟ್ಟರು. ನಾನು ಸಂಕೋಚದಿಂದ, "ಕೆಲಸ ಸರಿ ಆಗಲಿಲ್ಲ, ಬೇಡ ಅಜ್ಜಿ" ಅಂದೆ.

"ಒಯ್ಯಪ್ಪ. ಇದು ಇಲ್ಲೇ ಇದ್ರೆ ನೀನು ಮತ್ತೆ ಬರ್ತೀಯ."

ಹುಣಸೆ ನೀರು

ತುಕ್ಕು ಬಿಡಿಸಲು ಹುಣಸೆ ನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಿತ್ತಾಳೆ ಬೆಳಗುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಹುಣಸೆಹಣ್ಣು ಕಿವುಚಿ, ಉಳಿ, ಅರ, ಹತ್ತರಿಯ ಅಲಗು ಎಲ್ಲವನ್ನೂ ತಳಕ್ಕೆ ಬಿಟ್ಟು, ಅಡಿಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟಿದ್ದೆ.

ಮರುದಿನ ಷಡ್ಡಕ ಚನ್ನಗಿರಿಗೆ ಬಂದ. ಯಾವುದೋ ಆರ್ಡರ್ ಕೇಳಲು ಬಂದೆ ಅಂದ. ನನ್ನ ಕಾಲುಮಣೆ ಎಲ್ಲಿಗೆ ಬಂತು ಅಂತ ನೋಡಲು ಬಂದಿದ್ದಾನೆ ಅನ್ನುವುದು ಅವನ ಕಣ್ಣಿನಲ್ಲೇ ಇತ್ತು. ಊಟಕ್ಕೆ ಕೂತೆವು. ಅವನು ಸಾರನ್ನು ಅನ್ನಕ್ಕೆ ಹಾಕಿಸಿಕೊಂಡ, ಲೋಟಕ್ಕೂ ಹಾಕಿಸಿಕೊಂಡ.

"ಅಕ್ಕಾರೆ, ಸಾರು ಅಂದ್ರೆ ಇದು. ಏನೋ ಒಂದು ಗಟ್ಟಿ ರುಚಿ ಐತೆ ಇದರಾಗೆ."

ನಾನು ಮೂಲೆಯ ಪಾತ್ರೆ ನೋಡಿದೆ. ಮುಚ್ಚಳ ತೆಗೆದಿತ್ತು. ನೀರು ಅರ್ಧಕ್ಕೆ ಇಳಿದಿತ್ತು. ನಾನು ಸುಮ್ಮನೆ ಮಜ್ಜಿಗೆ ಹಾಕಿಸಿಕೊಂಡೆ.

ಹೆಂಡತಿಗೆ ಅಲ್ಲೇ ಅನುಮಾನ ಬಂತು. "ಏನ್ರಿ, ದಿನಾ ಸಾರಿಗೆ ಕೈಯೊಡ್ಡೋರು ಇವತ್ತು ಸೀದಾ ಮಜ್ಜಿಗೆಗೆ ಬಂದ್ರಲ್ಲ?"

"ಬಿಸಿಲು ಜಾಸ್ತಿ ಐತೆ" ಅಂದೆ.

ಷಡ್ಡಕ ಬಿಡಲಿಲ್ಲ. "ಹುಣಸೆಹಣ್ಣು ಎಲ್ಲಿಂದ ತಂದ್ರಿ ಅಕ್ಕಾರೆ? ನಮ್ಮನೆಗೂ ಬೇಕು." ಹೊಗಳಿಕೆಗೆ ಸೋಲದ ಹೆಂಗಸು ಯಾರು? ಇವಳು ಆ ಪಾತ್ರೆಯನ್ನೇ ಎತ್ತಿ ತಂದು, ನೆನೆದ ಹುಣಸೆಹಣ್ಣು ತೋರಿಸಲು ತಳಕ್ಕೆ ಕೈ ಹಾಕಿದಳು. ಮೊದಲು ಉಳಿ ಬಂತು. ಆಮೇಲೆ ಅರ. ಕೊನೆಗೆ ಜಗಳೂರು ಅಜ್ಜಿಯ ಹಂಚು ಕೆರೆಯುವ ಅಲಗು, ಬೆಳ್ಳಿಯ ಹಾಗೆ ಹೊಳೆಯುತ್ತಾ.

ಷಡ್ಡಕ ಲೋಟ ಕೆಳಗಿಟ್ಟ. ಪಾತ್ರೆಯೊಳಗೆ ಬಗ್ಗಿ ನೋಡಿದ. ಆಮೇಲೆ ಅವನು ಮೆಲ್ಲಗೆ ಕೇಳಿದ, "ಇದರಾಗೆ ಗರಗಸನೂ ಇತ್ತಾ ಅಣ್ಣಾರೆ?"

"ಇಲ್ಲಪ್ಪ. ಅದನ್ನ ನಾಳೆ ಹುಳಿಗೆ ಇಟ್ಟಿದೀವಿ."

ಕೈ ಮೇಲಿನ ಕೂದಲು

ಅಲಗು ಹರಿತ ಆಯಿತೋ ಇಲ್ಲವೋ ಅಂತ ನೋಡುವುದಕ್ಕೆ ಕೈ ಮೇಲಿನ ಕೂದಲು ಬೋಳಿಸಿ ನೋಡಬೇಕಂತೆ. ವಿಡಿಯೋದವನು ಒಂದೇ ಸಲ ನೋಡಿದ. ನಾನು ಸಾಣೆಕಲ್ಲಿಗೆ ಉಜ್ಜುವುದು, ಕೈ ಬೋಳಿಸುವುದು, ಮತ್ತೆ ಉಜ್ಜುವುದು. ಎಡಗೈ ಮುಗಿದು ಬಲಗೈ ಶುರುವಾಯಿತು. ಒಟ್ಟು ನನ್ನ ಎರಡೂ ಕೈ, ಅಲ್ಲಲ್ಲಿ ಕುರಿ ಮೇಯ್ದ ಹೊಲದ ಹಾಗೆ ಆಯಿತು.

ಅಂಗಡಿಗೆ ಬಂದ ಗಿರಾಕಿ ಒಬ್ಬರು ಅದನ್ನು ದಿಟ್ಟಿಸಿ ನೋಡಿ, "ಏನ್ರೀ ಇದು, ಹುಳುಕಡ್ಡೀನಾ?" ಅಂದರು.

ನಿಜ ಹೇಳಬಹುದಿತ್ತು. ಆದರೆ ಅದರಲ್ಲೇನು ಮಜಾ? "ಹೊಸ ಸ್ಟೀಲ್ ಬಂದೈತೆ ನೋಡ್ರಿ. ಅದನ್ನ ಜಾಸ್ತಿ ಮುಟ್ಟಿದ್ರೆ ಕೂದಲು ಉದುರ್ತೈತೆ" ಅಂದೆ. ಅವರು ಕೈಯಲ್ಲಿದ್ದ ಕೊಡವನ್ನು ಮಗು ಮಲಗಿಸಿದ ಹಾಗೆ ಕೆಳಗಿಟ್ಟು ಹೋದರು.

ಆ ವಾರ ಗಿರಾಕಿಗಳು ಟವೆಲ್ ಸುತ್ತಿಕೊಂಡು ತಟ್ಟೆ ಮುಟ್ಟತೊಡಗಿದರು. ವ್ಯಾಪಾರ ಬಿತ್ತು. ಹೆಂಡತಿ ಗಲ್ಲಾಕ್ಕೆ ಬಂದು ಕೂತು, "ನಿಮ್ಮ ಬಾಯಿಗೆ ಮೊದಲು ಆ ಹತ್ತರಿ ಹೊಡೀಬೇಕು" ಅಂದಳು. ಅಷ್ಟರಲ್ಲಿ ಒಬ್ಬರು ಹಿರಿಯರು ಬಂದರು. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಮುಂದಕ್ಕೆ ಬಗ್ಗಿ, ಪಿಸುಮಾತಿನಲ್ಲಿ ಕೇಳಿದರು.

"ಕಿವಿ ಮೇಲಿನ ಕೂದಲಿಗೆ ಯಾವ ಪಾತ್ರೆ ಒಳ್ಳೇದು?"

ಇಳಿಜಾರು

ಬಸವಾಪಟ್ಟಣದ ನೆಂಟರೊಬ್ಬರು ಹಳೇ ಮನೆ ಕೆಡವುವಾಗ ಒಂದು ಸಾಗವಾನಿ ಬಾಗಿಲ ಚೌಕಟ್ಟು ಕೊಟ್ಟಿದ್ದರು. ಅದರಲ್ಲಿ ಕೂರುವ ಹಲಗೆಗೂ ನಾಲ್ಕು ಕಾಲಿಗೂ ಸರಿಯಾಗಿ ಮರ ಆಯಿತು, ಒಂದು ಚಕ್ಕೆಯೂ ಹೆಚ್ಚಿಲ್ಲ. ಹಲಗೆಗೆ ಉಳಿಯಿಂದ ತೂತು ಕೊರೆದು, ಕಾಲಿನ ತುದಿಗಳನ್ನು ಅದರೊಳಗೆ ಬಿಗಿಯಾಗಿ ಕೂರಿಸಿದೆ. ಹೇಳಿದ ಹಾಗೇ, ಒಂದು ಮೊಳೆ ಇಲ್ಲ. ಹತ್ತರಿ ಹೊಡೆದಾಗ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ, ಹಗುರಾಗಿ ಬಂದು ಬೀಳುತ್ತಿತ್ತು. ಅವತ್ತು ನನಗೆ ನನ್ನ ಮೇಲೆ ಬಹಳ ಗೌರವ ಬಂತು.

ಕೆಲಸವನ್ನೆಲ್ಲ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಸಿಮೆಂಟ್ ನೆಲದ ಮೇಲೆ ಮಾಡುತ್ತಿದ್ದೆ. ಕಾಲುಮಣೆ ನಿಲ್ಲಿಸಿದರೆ ಸ್ವಲ್ಪ ಅಲ್ಲಾಡಿತು. ಒಂದು ಕಾಲನ್ನು ತುಸು ಕೊಯ್ದೆ. ಇನ್ನೂ ತುಸು ಕೊಯ್ದೆ. ಬಂಡೆಯ ಹಾಗೆ ನಿಂತಿತು. ಹೆಂಡತಿಯನ್ನು ಕರೆದು ಕೂರಿಸಿದೆ, ಅಲ್ಲಾಡಲಿಲ್ಲ. ಹೆಮ್ಮೆಯಿಂದ ಎತ್ತಿಕೊಂಡು ಹೋಗಿ ನಡುಮನೆಯಲ್ಲಿಟ್ಟೆ. ಟಕ್ ಟಕ್ ಅಂತ ಕುಣಿಯಿತು. ಮತ್ತೆ ಹಿತ್ತಿಲಿಗೆ ತಂದೆ, ಬಂಡೆ. ನಡುಮನೆ, ಕುಣಿತ.

"ನಡುಮನೆ ನೆಲ ಸರಿ ಇಲ್ಲ. ಗಾರೆಯವನು ಮೋಸ ಮಾಡಿದಾನೆ" ಅಂದೆ.

ಅವಳು ಒಂದು ಚೊಂಬು ನೀರು ತಂದಳು. ನಡುಮನೆಯಲ್ಲಿ ಸ್ವಲ್ಪ ಸುರಿದಳು, ನೀರು ಇದ್ದಲ್ಲೇ ಇತ್ತು. ಹಿತ್ತಿಲಲ್ಲಿ ಸುರಿದಳು, ಸರಸರ ಹರಿದು ಮೋರಿಗೆ ಹೋಯಿತು. ಬಟ್ಟೆ ಒಗೆದ ನೀರು ಹೋಗಲಿ ಅಂತ ಮೋರಿ ಕಡೆಯ ಮೂಲೆ ಮಾತ್ರ ತಗ್ಗಾಗುವ ಹಾಗೆ ಇಳಿಜಾರು ಮಾಡಿಸಿದವನು ನಾನೇ.

"ಒಂದು ಕೆಲಸ ಮಾಡ್ರಿ," ಅಂದಳು. "ಶಿವರಾತ್ರಿಗೆ ನಮ್ಮಮ್ಮನ್ನೇ ಇಲ್ಲಿಗೆ ಕರೆಸಿ, ಒಗೆಯೋ ಕಲ್ಲಿನ ಹತ್ರ ಪೂಜೆ ಮಾಡಿಸಿದ್ರೆ ಆತು."

ಹೊನ್ನಾಳಿಯ ಕಳ್ಳ

ಹೀಗೆ ಮೂರು ಕಾಲು ಸರಿ, ಒಂದು ಗಿಡ್ಡ. ಉಳಿದ ಮೂರನ್ನು ಕೊಯ್ಯೋಣವೆಂದರೆ ನನ್ನ ಗರಗಸದ ಮೇಲೆ ನನಗೇ ನಂಬಿಕೆ ಹೋಗಿತ್ತು, ಬೇರೆ ಕಾಲು ಮಾಡೋಣವೆಂದರೆ ಮರವಿಲ್ಲ. ಶಿವರಾತ್ರಿ ಹತ್ತಿರ ಬಂತು.

ಮನಸ್ಸಿಗೆ ಬೇಸರವಾದಾಗ ನೆಂಟರನ್ನು ನೋಡಿಬರಬೇಕು. ಒಂದು ಕೈಚೀಲ ಹಿಡಿದು ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ. ಷಡ್ಡಕನಿಗೆ ನನ್ನನ್ನು ಕಂಡು ಬಹಳ ಖುಷಿ. ಅತ್ತೆಗೆ ಕೊಡುವ ಸ್ಟೂಲ್ ತೋರಿಸಿದ. ಮೇಲೆ ಮೆತ್ತನೆಯ ಕುಶನ್, ಕೆಳಗೆ ಸಾಗವಾನಿ ಕಾಲು.

"ಇದೇ ಥರದ್ದು ಒಳಗೆ ಬೇಕಾದಷ್ಟು ಅವೆ ಅಣ್ಣಾರೆ. ಕಾಲು ಬಿಚ್ಚಿ, ಕಟ್ಟು ಕಟ್ಟಿ ಕಳಿಸ್ತಾರೆ. ಮನೇಲಿ ಸ್ಕ್ರೂ ಹಾಕ್ಕಂಡ್ರೆ ಮುಗೀತು. ನೋಡ್ತಿರ್ರಿ, ಟೀ ಹೇಳಿ ಬರ್ತೀನಿ."

ನೋಡುತ್ತಿದ್ದೆ. ಟೀ ಬಂತು, ಕುಡಿದೆ. ಚೀಲ ಹಿಡಿದು ಬಸ್ಸು ಹತ್ತಿ ವಾಪಸ್ಸು ಬಂದೆ. ಅಷ್ಟೇ ನಡೆದದ್ದು.

ಆ ವಾರವೇ ನನಗೆ ನಾಲ್ಕನೇ ಕಾಲಿಗೆ ಮರ ಸಿಕ್ಕಿತು. ಎಲ್ಲಿ ಸಿಕ್ಕಿತು ಅನ್ನುವುದು ಅಂಥ ದೊಡ್ಡ ವಿಷಯ ಅಲ್ಲ, ಹುಡುಕುವವನಿಗೆ ಸಿಗುತ್ತದೆ. ಅದರ ಪಾಲಿಶ್, ಅಂದರೆ ಅದರ ಮೇಲಿನ ಕೊಳೆ, ಹತ್ತರಿಯಿಂದ ಹೆರೆದೆ. ತುದಿಯನ್ನು ಉಳಿಯಿಂದ ತಿದ್ದಿ ಹಲಗೆಯ ತೂತಿಗೆ ಕೂರಿಸಿದೆ. ಈ ಸಲ ನಡುಮನೆಯಲ್ಲೇ ಅಳತೆ ನೋಡಿದೆ. ನಾಲ್ಕನೇ ಕಾಲು ಎಷ್ಟು ನೇರವಾಗಿ ಬಂದಿತ್ತೆಂದರೆ, ಇದನ್ನು ಮಾಡಿದ್ದು ನಾನೇನಾ ಅಂತ ನನಗೇ ಅನುಮಾನ.

ಕೆಲವು ದಿನ ಬಿಟ್ಟು ಷಡ್ಡಕನ ಫೋನು. ಧ್ವನಿ ಸಪ್ಪಗಿತ್ತು. ಒಬ್ಬ ಗಿರಾಕಿ ಸ್ಟೂಲ್ ಒಯ್ದು, ಮನೆಯಲ್ಲಿ ಕಟ್ಟು ಬಿಚ್ಚಿದರೆ ಮೂರೇ ಕಾಲು ಇದ್ದವಂತೆ. ಅಂಗಡಿಗೆ ಬಂದು ನಾಲ್ಕು ಜನರ ಮುಂದೆ ಕೂಗಾಡಿದರಂತೆ.

"ಇವತ್ತಿನ ಕಾಲದಾಗೆ ಪ್ಯಾಕಿಂಗ್ ಮಾಡೋರನ್ನ ನಂಬಂಗಿಲ್ಲ" ಅಂದೆ.

"ಪ್ಯಾಕಿಂಗ್ ಅಲ್ಲ ಅಣ್ಣಾರೆ, ಕಟ್ಟು ಬಿಚ್ಚಿ ಮತ್ತೆ ಕಟ್ಟಿದಾರೆ. ಇಂಥ ಕಳ್ಳನ್ನ ನಾನು ಕಂಡಿಲ್ಲ. ಅಷ್ಟು ಸೋಫಾ, ಅಷ್ಟು ಮಂಚ ಬಿಟ್ಟು ಒಂದೇ ಒಂದು ಕಾಲು ಒಯ್ದಾನೆ."

"ಪಾಪ," ಅಂದೆ. "ಅವನಿಗೆ ಒಂದೇ ಬೇಕಿತ್ತೇನೋ."

ಕೂತರು

ಶಿವರಾತ್ರಿಯ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ನ್ಯಾಮತಿಯಲ್ಲಿ ಸೇರಿದೆವು. ಮರುದಿನ ಉಪವಾಸ ಅಂತ ಅವತ್ತು ಹೋಳಿಗೆ, ಕೋಸಂಬರಿ, ಸುಟ್ಟ ಹಪ್ಪಳ ಎಲ್ಲ ಆಗಿತ್ತು. ಊಟ ಮುಗಿಸಿ ಎರಡನ್ನೂ ನಡುಮನೆಗೆ ತಂದಿಟ್ಟೆವು.

ಮೊದಲು ಷಡ್ಡಕನ ಸ್ಟೂಲ್. ಅತ್ತೆ ಅದರ ಮೇಲೆ ಅಂಗೈಯೂರಿ ಒತ್ತಿದರು. ಕಿರ್ ಅಂತು. ಇನ್ನೊಂದು ಕಡೆ ಒತ್ತಿದರು. ಕುರ್ ಅಂತು.

"ಇದು ಮಾತಾಡ್ತೈತೆ. ಪೂಜೆ ಹೊತ್ತಿಗೆ ನನಗೆ ಮಾತು ಬ್ಯಾಡ" ಅಂತ ಪಕ್ಕಕ್ಕೆ ಸರಿಸಿದರು. ನನ್ನ ಎದೆ ಹೋಳಿಗೆಯ ಹಾಗೆ ಉಬ್ಬಿತು.

ಆಮೇಲೆ ನನ್ನದು. ಯಾರೂ ಹತ್ತಿರ ಬರಲೊಲ್ಲರು. ನಾದಿನಿ ದೂರದಿಂದಲೇ, "ಅಮ್ಮ, ಮುಟ್ಟಬೇಡ, ಭಾವ ಏನೋ ಮಾಡಿರ್ತಾರೆ" ಅಂದಳು.

"ನಿಜವಾಗ್ಲೂ ಏನೂ ಮಾಡಿಲ್ಲ" ಅಂದೆ. ಅದನ್ನು ಕೇಳಿ ಎಲ್ಲರೂ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

ಷಡ್ಡಕ ಅದನ್ನು ಬೋರಲು ಹಾಕಿ ಸ್ಪ್ರಿಂಗ್ ಹುಡುಕಿದ. ಕಾಲುಗಳನ್ನು ತಟ್ಟಿ ನೋಡಿದ. ನಾಲ್ಕನೆಯದನ್ನು ತಟ್ಟುವಾಗ ನಾನು ಚಾವಣಿ ನೋಡುತ್ತಿದ್ದೆ. ಅವನಿಗೆ ಏನೂ ಸಿಗಲಿಲ್ಲ. ಹೆಂಡತಿ ತುಂಬಿದ ಕೊಡ ತಂದು ಅದರ ಮೇಲಿಟ್ಟಳು. ಕೊಡದ ನೀರು ಕಲಕಲಿಲ್ಲ. ರುಬ್ಬುಗುಂಡು ತಂದಿಟ್ಟರು. ಕಾಲುಮಣೆ ಮಿಸುಕಲಿಲ್ಲ. ಆಗ ನೋಡಿ, ಮನೆಮಂದಿಯೆಲ್ಲ ನನ್ನ ಕಡೆ ತಿರುಗಿದರು. ಅಂಥ ನೋಟವನ್ನು ಆ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಮಾವನವರ ಫೋಟೋ ಕೂಡ ಸ್ವಲ್ಪ ಮೆತ್ತಗಾದ ಹಾಗಿತ್ತು.

ಅತ್ತೆ ಹಲಗೆಯ ಮೇಲೆ ಕೈಯಾಡಿಸಿದರು. "ನುಣ್ಣಗೈತೆ" ಅಂದರು. ಅವರ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. "ಆದ್ರೆ ಬರೇ ಮರದ ಮೇಲೆ ನಾನು ಕೂರಲ್ಲ. ತಡೀರಿ, ಕಂಬಳಿ ತುಂಡು ತರ್ತೀನಿ."

ಒಳಗೆ ಹೋಗಿ ಮಡಿಸಿದ ಕಂಬಳಿ ತಂದು ಹಾಸಿದರು. ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಂಡತಿಯ ಹೆಗಲಿಗೆ ಊರಿ, ನಿಧಾನವಾಗಿ ಕೂತರು.

ಚಟ್.

ಒಂದು ವರ್ಷ ಬಾಯಿ ಮುಚ್ಚಿಕೊಂಡು ಉಣ್ಣುವ ಹೋಳಿಗೆಗಳೆಲ್ಲ ಕಣ್ಣ ಮುಂದೆ ಸಾಲಾಗಿ ಹೋದವು. ಷಡ್ಡಕ ಹಲ್ಲು ಬಿಡುವುದೂ ಕಂಡಿತು. ನಾನು ದಬಕ್ಕನೆ ನೆಲಕ್ಕೆ ಬಿದ್ದು, ಅತ್ತೆಯ ಕಾಲ ಬುಡದಲ್ಲಿ ತಲೆ ತೂರಿಸಿ, ಒಂದೊಂದೇ ಕಾಲು ಹಿಡಿದು ಅಲ್ಲಾಡಿಸುತ್ತಾ ಅಂದೆ:

"ನಂದು ಮೂರೂ ಗಟ್ಟಿ ಅವೆ, ಬೇಕಾದ್ರೆ ನೋಡ್ರಿ. ಮುರಿದಿದ್ರೆ ಆ ಹೊನ್ನಾಳಿ ಕಾಲೇ ಮುರಿದಿರಬೇಕು."

ಅಂದ ಮೇಲೆ ನನಗೆ ಕೇಳಿಸಿತು.

"ಯಾವ ಹೊನ್ನಾಳಿ ಕಾಲು ಅಣ್ಣಾರೆ?" ಅಂದ ಷಡ್ಡಕ.

ನಾನು ಕೆಳಗೇ ಇದ್ದೆ. ಮೇಲೆ ಬರಬೇಕು ಅಂತ ಅನ್ನಿಸಲಿಲ್ಲ. ಅವನೂ ಮಂಡಿಯೂರಿ ಬಂದು ನಾಲ್ಕನೇ ಕಾಲಿನ ಮೇಲೆ ಉಗುರಿನಿಂದ ಕೆರೆದ. ಮರದ ಪುಡಿ ಮತ್ತು ಅಂಟು ಕಲಸಿ ನಾನು ಮುಚ್ಚಿದ್ದ ಸ್ಕ್ರೂ ತೂತು ಹೊರಗೆ ಬಂತು. "ಇದು ನಂದು" ಅಂದ. ಕಳೆದುಹೋದ ಮಗ ಸಿಕ್ಕಿದ ಹಾಗಿತ್ತು ಅವನ ಧ್ವನಿ.

ಅಷ್ಟರಲ್ಲಿ ಮೇಲಿನಿಂದ ಒಂದು ಸದ್ದು ಬಂತು. ಮೊದಲು ಕೆಮ್ಮು ಅಂದುಕೊಂಡೆ. ತಲೆಯೆತ್ತಿ ನೋಡಿದರೆ ಅತ್ತೆ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಅವರು ಅಷ್ಟು ನಗುತ್ತಿದ್ದರೂ ಕೆಳಗೆ ಕಾಲುಮಣೆ ಬಂಡೆಯ ಹಾಗಿತ್ತು. ಆಮೇಲೆ ಮೆಲ್ಲಗೆ ಎದ್ದು ಕಂಬಳಿಯ ಮಡಿಕೆ ಬಿಚ್ಚಿ ಕೊಡವಿದರು. ಹಪ್ಪಳದ ಚೂರು ನೆಲಕ್ಕೆ ಉದುರಿತು.

"ಆ ದೀಪಾವಳಿ ಹಪ್ಪಳ ನೋಡ್ರಿ ಅಳಿಯಂದ್ರೆ," ಅಂದರು ಕಣ್ಣೊರೆಸಿಕೊಳ್ಳುತ್ತಾ. "ಇವತ್ತು ಜೀರ್ಣ ಆತು."

ನಾನು ಧೂಳು ಕೊಡವಿಕೊಂಡು ಎದ್ದೆ. ಇಂಥ ಹೊತ್ತಿನಲ್ಲಿ ಎದೆಗುಂದಬಾರದು. "ತಮಾಷೆ ಮಾಡಂಗಿಲ್ಲ ಅಂತ ನೀವೇ ಹೇಳಿದ್ರಿ" ಅಂದೆ.

"ಸೋತೋರು ಮಾಡಂಗಿಲ್ಲ ಅಂದಿದ್ದೆ. ನಾನೆಲ್ಲಿ ಸೋತಿದೀನಿ?"

ಷಡ್ಡಕ ಕಾಲು ಬಿಡಲೊಲ್ಲ. "ಅತ್ತೆ, ಯಾರು ಗೆದ್ದಂಗಾತು? ಮೊದಲು ಅದನ್ನ ಹೇಳ್ರಿ. ಇದರಾಗೆ ನನ್ನ ಕಾಲೈತೆ."

ಅತ್ತೆ ಕಾಲುಮಣೆಯನ್ನು ಒಮ್ಮೆ ನೋಡಿದರು, ನಮ್ಮಿಬ್ಬರನ್ನು ಒಮ್ಮೆ ನೋಡಿದರು. "ನಾಳೆ ಪೂಜೆಗೆ ನಾನು ಕೂರೋದು ಇದರ ಮೇಲೇನೇ. ದೊಡ್ಡ ಅಳಿಯಂದ್ರು ಗೆದ್ರು."

ನಾನು ಹೆಂಡತಿಯ ಕಡೆ ಗತ್ತಿನಿಂದ ತಿರುಗಿದೆ. ಅತ್ತೆಯ ಮಾತು ಮುಗಿದಿರಲಿಲ್ಲ.

"ಆದ್ರೆ ನಿಮ್ಮ ಅಂಗಡೀಲಿ ಹೆಸರು ಕೆತ್ತೋ ಮಿಷನ್ ಐತಲ್ಲ, ಅದನ್ನ ನಾಳೆ ಪೂಜೆಗೆ ಮುಂಚೆ ತರ್ರಿ. ಆ ನಾಲ್ಕನೇ ಕಾಲಿನ ಮೇಲೆ ಎಲ್ಲರಿಗೂ ಕಾಣೋ ಹಂಗೆ ಬರೀರಿ."

"ಏನಂತ ಬರೀಲಿ ಅತ್ತೆ?"

"ಇವರ ಗೃಹಪ್ರವೇಶದ ಲೋಟದ ಮೇಲೆ ಬರೆದಿದ್ರಲ್ಲ, ಅದನ್ನೇ ಬರೀರಿ. ಚನ್ನಗಿರಿ ಅಂತ ಇದ್ದ ಕಡೆ ಮಾತ್ರ ಹೊನ್ನಾಳಿ ಅಂತ ಮಾಡ್ರಿ."